ಸೋರಿಕೆ ಒಂದು, ಹಾನಿ ಇಲ್ಲ

ಮೊದಲು ಒಂದು ಡಿಸ್ಕು ಮಾಡುತ್ತಾಳೆ ಉರ್ವೆ,
ಗಾಳಿಯಲ್ಲಿ.
ನಲವತ್ತು ಗಿಗಾಬೈಟು ಎಂದು ಹಣೆಯ ಮೇಲೆ ಬರೆದಿದೆ,
ತಕ್ಕಡಿಗೆ ಹಾಕಿದರೆ ಇನ್ನೂರು ಕಿಲೋಬೈಟೂ ತೂಗುವುದಿಲ್ಲ.
ಎಲ್ಲಿ ಓದಿದರೂ ಸೊನ್ನೆ.
ಬರೆದಿಟ್ಟ ಸೊನ್ನೆಯಲ್ಲ ಅದು,
ಯಾರೂ ಏನೂ ಬರೆಯದೇ ಇರುವಾಗ
ಕೇಳಿದವರು ಬರಿಗೈಲಿ ಹೋಗದಿರಲೆಂದು ಕೊಡುವ ಉತ್ತರ.

ಅದರೊಳಗೆ ಒಂದೇ ಅಕ್ಷರವನ್ನು
ಅರವತ್ತೈದು ಸಾವಿರ ಸಲ ತುಂಬುತ್ತಾಳೆ,
ಸ್ಲೇಟಿನ ಮೇಲೆ ತಿದ್ದುವ ಮಗುವಿನ ಹಾಗೆ.
ಅರ್ಧದಲ್ಲೇ ಕೊಲ್ಲುತ್ತಾಳೆ.
ಕರೆಂಟು ಹೋದಂತೆ ನಟನೆ.
ಮತ್ತೆ ತೆರೆದು ಕೇಳುತ್ತಾಳೆ:
ಎಲ್ಲ ಸರಿಯಿದೆಯಾ?

ಇದು ಇನ್ನೂರ ಹದಿನಾಲ್ಕನೇ ಪರೀಕ್ಷೆ.
ಮೂವತ್ತೊಂಬತ್ತು ಸಲ ಸರಿ ಎನ್ನುತ್ತದೆ.
ನಲವತ್ತನೇ ಸಲ,
‘ಸೋರಿಕೆ ಒಂದು. ಹಾನಿ ಇಲ್ಲ.’

ತಾರ್ತುವಿನಲ್ಲಿ ಜನವರಿ. ಹೊರಗೆ ಮೈನಸ್ ಹತ್ತೊಂಬತ್ತು.
ಈ ಬಡಾವಣೆಯ ಬೀದಿಗಳಿಗೆ ಸಾರಿನ ಸಾಮಾನಿನ ಹೆಸರು,
ಆಲೂಗಡ್ಡೆ ಬೀದಿ, ಅವರೆ ಬೀದಿ,
ಬಟಾಣಿ ಬೀದಿಯ ಮರದ ಮನೆಯಲ್ಲಿ ಇವಳ ಮಹಡಿ.
ಕಚೇರಿಯ ಯಂತ್ರಗಳು ಚುರುಕು. ಆದರೂ
ತನ್ನ ಮುದಿ ಲ್ಯಾಪ್‌ಟಾಪನ್ನೇ ಓಡಿಸುತ್ತಾಳೆ,
ನಿಧಾನಿಗಳ ಕಾಲಿಗೆ ಕಲ್ಲು ಬೇಗ ಸಿಗುತ್ತದಂತೆ.
ಒಂದು ಬರ್ಚ್ ಸೌದೆ ಉರಿದು ಮುಗಿಯುವುದರಲ್ಲಿ
ನೂರಿಪ್ಪತ್ತು ಸುತ್ತು.

ಫೋನಿನಲ್ಲಿ ಕೈಡೊ:
ಇನ್ನೊಮ್ಮೆ ಓಡಿಸು, ದಾಟುತ್ತೆ.
ಹಾನಿ ಇಲ್ಲ ಅಂತ ಅದೇ ಹೇಳ್ತಿದೆಯಲ್ಲ.
ಕೇಳದೆಯೇ ಹಾಗೆ ಹೇಳುವವರನ್ನ
ನಾನು ಬೇಗ ನಂಬಲ್ಲ, ಎಂದಳು ಉರ್ವೆ.
ಅವನು ನಕ್ಕ. ಮಗುವಿಗೆ ಹಲ್ಲು ಬರ್ತಿದೆ, ಎಂದು ಇಟ್ಟುಬಿಟ್ಟ.

ಸೋರಿದ್ದು ಅಂದರೆ ಏನೂ ಹೊರಗೆ ಹೋದದ್ದಲ್ಲ.
ಒಂದು ಕೋಣೆ.
ಒಬ್ಬರಿದ್ದಾರೆ ಎನ್ನುತ್ತದೆ ಲೆಕ್ಕದ ಪುಸ್ತಕ.
ಅದು ನನ್ನದು ಎನ್ನುವವರು
ಹೆಸರಿನ ಪಟ್ಟಿಯಲ್ಲಿ ಯಾರೂ ಇಲ್ಲ.
ಬೀಗ ಇಲ್ಲ, ಬಾಡಿಗೆ ಇಲ್ಲ,
ಹಾಗಂತ ಖಾಲಿಯೂ ಅಲ್ಲ.

ಸೌದೆಗೆಂದು ಇಳಿದಾಗ
ಕೆಳಗಿನ ಹಜಾರದ ಗೂಟದಲ್ಲಿ ಅದೇ ಕೋಟು.
ಕಂದು ಉಣ್ಣೆ. ಎಡತೋಳಿನ ಗುಂಡಿ ಬೇರೆ ಬಣ್ಣದ್ದು.
ಇದು ಮೂರನೇ ಚಳಿಗಾಲ.
ಮನೆಯೊಡತಿ ಸಾಲ್ಮೆಯದು ಎಂದುಕೊಂಡಿದ್ದಳು ಇವಳು,
ಮಹಡಿಯವಳದು ಎಂದುಕೊಂಡಿದ್ದರು ಸಾಲ್ಮೆ.
ಗೊತ್ತಾದ ದಿನ ಇಬ್ಬರೂ
ಕೈಹಾಕಲು ಹೋಗಿ ಹಿಂದೆ ಸರಿದಿದ್ದರು.

ಎರಡೂವರೆಗೆ, ಓಡಿಸುವುದು ಸಾಕಾಗಿ, ಓದಲು ಕೂತಳು.
ಎಷ್ಟೋ ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಬರೆದ ಸಾಲು:
ಮೊದಲು ಲೆಕ್ಕ ಏರಿಸು.
ಅದು ತಟ್ಟೆಗೆ ಇಳಿಯುವ ತನಕ ಕಾಯಿ.
ಆಮೇಲೆ ಹೆಸರು ಬರೆ.

ನಡುವೆ ಒಂದು ಎವೆಯಿಕ್ಕುವಷ್ಟು ಹೊತ್ತು.
ನಲವತ್ತರಲ್ಲೊಂದು ಸಲ
ಸರಿಯಾಗಿ ಅಲ್ಲೇ ಬೀಳುತ್ತಿತ್ತು ಅವಳ ಕತ್ತಿ.

ತಿರುವಿ ಹಾಕಿ ನೋಡಿದಳು.
ಮೊದಲು ಹೆಸರು, ಆಮೇಲೆ ಲೆಕ್ಕ.
ನಡುವೆ ದೀಪ ಹೋದರೆ?
ಖಾಲಿ ಇದೆಯೆಂದು ಅದೇ ಕೋಣೆ ಇನ್ನೊಬ್ಬರಿಗೆ.
ಮಲಗಿದವನ ಮೇಲೆ ಹಾಸಿಗೆ ಹಾಸುತ್ತಾರೆ.
ಒಬ್ಬರ ಪತ್ರದ ನಡುವೆ ಇನ್ನೊಬ್ಬರ ಸಂಬಳದ ಪಟ್ಟಿ.
ಆಗ ಬರುವ ಸಾಲಿನಲ್ಲಿ
‘ಇಲ್ಲ’ ಎಂಬ ಮಾತು ಇರುವುದಿಲ್ಲ.

ಒಂದು ಕೋಣೆ ಪೋಲಾದರೆ ಆಗಲಿ ಅಂತ
ಗೊತ್ತಿದ್ದೇ ಬಿಟ್ಟಿದ್ದಾರೆ.

ತಪ್ಪು ಇದ್ದದ್ದು ‘ನಿರೀಕ್ಷಿತ ಉತ್ತರ’ ಎಂಬ ಕಡತದಲ್ಲಿ.
ಎರಡು ವರ್ಷದ ಹಿಂದೆ ಬರೆದವಳು, ಉರ್ವೆ.
ಒಂದೇ ಸಾಲು: ಎಲ್ಲ ಸರಿಯಿದೆ.
ಅದರ ಕೆಳಗೆ ಇನ್ನೊಂದನ್ನು ಸೇರಿಸಿದಳು,
ಎರಡರಲ್ಲಿ ಯಾವುದು ಬಂದರೂ ಪಾಸು.
ಎರಡು ಸೋರಿದರೆ ಮಾತ್ರ ಕೂಗು, ಎಂದೂ.
ಒಲೆ ಆರಿತ್ತು. ಸಾಕ್ಸಿನ ಮೇಲೆ ಸಾಕ್ಸು ಹಾಕಿ ಮಲಗಿದಳು.

ಬೆಳಿಗ್ಗೆ ಸಾಲ್ಮೆ ಮೆಟ್ಟಿಲ ಬುಡದಲ್ಲಿ, ಕೈಲಿ ಪೊರಕೆ:
ಈ ಕೋಟನ್ನ ಚರ್ಚಿನ ಪೆಟ್ಟಿಗೆಗೆ ಹಾಕಿಬಿಡಲಾ?

ಇರಲಿ ಬಿಡಿ, ಎಂದಳು ಉರ್ವೆ ಬೂಟು ಏರಿಸುತ್ತ.
ಆರು ಗೂಟ ಇವೆ. ಮನೇಲಿ ನಾವು ನಾಲ್ಕೇ ಜನ.

ನಾಲ್ಕಾ? ಎಂದರು ಸಾಲ್ಮೆ,
ಗೂಟಗಳ ಕಡೆ ತಿರುಗಿ.